ನಾಲ್ಕು ವರ್ಷ, 46,000 ಕಿಲೋಮೀಟರ್: ಓಬಿಡಿ ಮೈಲೇಜ್ ಮೀಟರ್ ಜೊತೆಗಿನ ನನ್ನ ಅನುಭವ

2022ರ ಫೆಬ್ರುವರಿ ಕೊನೆಯಲ್ಲಿ ಯುಕ್ರೇನ್ ಯುದ್ಧ ಶುರುವಾಯಿತು. ಮಾರ್ಚ್‌ನಲ್ಲಿ ಕಚ್ಚಾತೈಲದ ಬೆಲೆ ಒಂದು ಹಂತದಲ್ಲಿ ಬ್ಯಾರಲ್‌ಗೆ 130 ಡಾಲರ್ ದಾಟಿತು. ಬಂಕ್‌ಗೆ ಹೋದಾಗಲೆಲ್ಲ ಎದೆ ಧಸಕ್ಕೆನ್ನುತ್ತಿದ್ದ ಆ ದಿನಗಳಲ್ಲೇ ನಾನು ಈ ಪುಟ್ಟ ಸಾಧನವನ್ನು ಕೊಂಡಿದ್ದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. ಸ್ಟೀರಿಂಗ್ ಕೆಳಗೆ ಮೆಕ್ಯಾನಿಕ್‌ಗಳು ಸ್ಕ್ಯಾನರ್ ಹಾಕುವ, ಓಬಿಡಿ ಎಂಬ 16 ಪಿನ್ನಿನ ಸಾಕೆಟ್ ಇರುತ್ತದಲ್ಲ, ಅದಕ್ಕೆ ಸಿಕ್ಕಿಸಿದರೆ ಬ್ಲೂಟೂತ್ ಮೂಲಕ ಫೋನಿನಲ್ಲಿ ಕ್ಷಣಕ್ಷಣದ ಮೈಲೇಜ್ ಕಾಣಿಸುತ್ತದೆ. ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಈ ಸಾಕೆಟ್ ಕಡ್ಡಾಯ. ಹಾಗಾಗಿ ತೀರಾ ಹಳೆಯದಲ್ಲದ ಹೆಚ್ಚಿನ ಕಾರುಗಳಲ್ಲಿ ಇದು ಇದ್ದೇ ಇರುತ್ತದೆ.

ನನ್ನದು 1.2 ಲೀಟರ್ ಎಂಜಿನ್ನಿನ ಪೆಟ್ರೋಲ್ ಕಾರು, ಮ್ಯಾನ್ಯುಯಲ್ ಗೇರ್. ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಸರಾಸರಿ ಮೈಲೇಜ್ ತೋರಿಸುವ ಅಂಕಿ ಇದೆ. ಮತ್ತೆ ಇದೇಕೆ ಬೇಕು ಎಂದು ಹಲವರು ಕೇಳಿದ್ದಾರೆ. ಸರಾಸರಿ ಅನ್ನುವುದು ಎಲ್ಲವನ್ನೂ ಕಲಸಿ ಒಂದು ಉಂಡೆ ಮಾಡಿ ಕೊಡುತ್ತದೆ. ಯಾವ ಓಡಾಟ ಎಷ್ಟು ಕುಡಿಯಿತು ಎಂಬುದು ಅದರಲ್ಲಿ ಗೊತ್ತಾಗುವುದಿಲ್ಲ. ಈ ಸಾಧನ ಪ್ರತಿ ಪ್ರಯಾಣವನ್ನೂ ಬೇರೆಬೇರೆಯಾಗಿ ಬರೆದಿಡುತ್ತದೆ, ಅದೂ ಕಿಲೋಮೀಟರ್ ಕಿಲೋಮೀಟರಿಗೂ. ನಾಲ್ಕು ವರ್ಷದಲ್ಲಿ ನನ್ನ ಓಡಾಟವನ್ನು ಬದಲಾಯಿಸಿದ್ದು ಇದೊಂದೇ ಗುಣ.

ಮೊದಲು ಇದು ಕೊಡುವ ಅಂಕಿಯನ್ನು ಎಷ್ಟು ನಂಬಬಹುದು ಎಂಬುದನ್ನು ಹೇಳಿಬಿಡುತ್ತೇನೆ. ಹೆಚ್ಚಿನ ಕಾರುಗಳಲ್ಲಿ ಇದು ಪೆಟ್ರೋಲನ್ನು ನೇರವಾಗಿ ಅಳೆಯುವುದಿಲ್ಲ, ಎಂಜಿನ್ ಎಷ್ಟು ಗಾಳಿ ಎಳೆದುಕೊಂಡಿತು ಎಂಬುದರಿಂದ ಲೆಕ್ಕ ಹಾಕುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ನಿಂತಲ್ಲೇ ಓಡುತ್ತಿರುವ ನನ್ನ ಎಂಜಿನ್ ಸೆಕೆಂಡಿಗೆ ಸುಮಾರು 2 ಗ್ರಾಂ ಗಾಳಿ ಎಳೆಯುತ್ತದೆ, ಅದನ್ನು 14.7ರಿಂದ ಭಾಗಿಸಿ, ಗಂಟೆಗೆ ಲೆಕ್ಕ ಹಾಕಿದರೆ ಹತ್ತಿರಹತ್ತಿರ 0.7 ಲೀಟರ್. ಆದರೆ ಹಲವು ಸಣ್ಣ ಕಾರುಗಳಲ್ಲಿ ಗಾಳಿಯ ತೂಕ ಅಳೆಯುವ ಸೆನ್ಸರ್ ಇರುವುದಿಲ್ಲ, ಒತ್ತಡ ಮತ್ತು ಉಷ್ಣತೆಯ ಸೆನ್ಸರ್‌ಗಳಷ್ಟೇ ಇರುತ್ತವೆ. ಆಗ ಆ್ಯಪ್ ಅಂದಾಜಿನ ಮೇಲೆ ಅಂದಾಜು ಮಾಡಬೇಕಾಗುತ್ತದೆ. ಪೆಟ್ರೋಲಿಗೆ ಎಥೆನಾಲ್ ಬೆರೆಸಿದ್ದರಂತೂ ಆ 14.7 ಕೂಡ ಬದಲಾಗುತ್ತದೆ; ಶೇಕಡಾ 10ರ ಮಿಶ್ರಣಕ್ಕೆ ಅದು 14.1ರ ಆಸುಪಾಸಿಗೆ ಇಳಿಯುತ್ತದೆ. ನನ್ನ ಕಾರಿನಲ್ಲಿ ಶುರುವಿನಲ್ಲಿ ತೋರಿಸಿದ ಮೈಲೇಜ್ ನಿಜಕ್ಕಿಂತ ಶೇಕಡಾ 9ರಷ್ಟು ಹೆಚ್ಚಿತ್ತು. ಮೂರು ಸಲ ಟ್ಯಾಂಕ್ ಫುಲ್ ಮಾಡಿಸಿ, ಪಂಪಿನ ಗನ್ ತಾನಾಗಿ ಕಟ್ ಆದಲ್ಲಿಗೇ ನಿಲ್ಲಿಸಿ, ಹಾಕಿಸಿದ ಲೀಟರ್ ಮತ್ತು ಓಡಿದ ಕಿಲೋಮೀಟರ್ ತಾಳೆ ನೋಡಿ ಆ್ಯಪ್‌ನಲ್ಲಿ ತಿದ್ದುಪಡಿ ಹಾಕಿದ ಮೇಲೆ ವ್ಯತ್ಯಾಸ ಶೇಕಡಾ 2ರೊಳಗೆ ಬಂತು. ಈ ಕೆಲಸ ಮಾಡದೆ ಇದರ ಅಂಕಿಯನ್ನು ನಂಬಬೇಡಿ. ಡೀಸೆಲ್ ಕಾರಿನವರು ಇನ್ನೂ ಯೋಚಿಸಬೇಕು. ಡೀಸೆಲ್ ಎಂಜಿನ್‌ನಲ್ಲಿ ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ಹೋಗುತ್ತದೆ, ಆದ್ದರಿಂದ ಈ ಲೆಕ್ಕಾಚಾರವೇ ಅಲ್ಲಿ ನಡೆಯುವುದಿಲ್ಲ.

ಕೊಂಡಾಗ ನನ್ನ ತಲೆಯಲ್ಲಿದ್ದದ್ದು ಹೈವೇ. ಉಳಿತಾಯ ಅಂದರೆ ಅಲ್ಲೇ ಎಂದುಕೊಂಡಿದ್ದೆ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದವರು ಇಡೀ ದೇಶದ ಹೈವೇಗಳಿಗೆ ಗಂಟೆಗೆ 55 ಮೈಲಿ, ಅಂದರೆ ಸುಮಾರು 89 ಕಿಲೋಮೀಟರ್ ಮಿತಿ ಹಾಕಿದ್ದರಲ್ಲ, ಅದರ ಹಿಂದೆಯೂ ಇದ್ದದ್ದು ಇಂಥದೇ ಯೋಚನೆ. ಅದರಲ್ಲಿ ಸುಳ್ಳೇನೂ ಇಲ್ಲ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಪಾಲು ಹೆಚ್ಚುತ್ತದೆ, ಗಾಳಿಯ ತಡೆ ಮಾತ್ರ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ನನ್ನ ಕಾರು 100ರಲ್ಲಿ ಲೀಟರಿಗೆ 17, 80ರಲ್ಲಿ 20.5 ಕೊಡುತ್ತದೆ. ತಿಂಗಳಿಗೆರಡು ಸಲ ಅಪ್ಪ ಅಮ್ಮನನ್ನು ನೋಡಲು ಹೋಗಿಬರುವ 110 ಕಿಲೋಮೀಟರಿನಲ್ಲಿ ಪ್ರತಿ ಸಲವೂ 1.1 ಲೀಟರ್ ಉಳಿಯಿತು. ಹೋಗಿಬರುವುದಕ್ಕೆ ಕಾಲು ಗಂಟೆ ಹೆಚ್ಚು ಹಿಡಿಯಿತು. ಪರವಾಗಿಲ್ಲ ಅನ್ನಿಸಿತು.

ನನ್ನ ಕಣ್ಣು ತೆರೆಸಿದ್ದು ಮಾತ್ರ ಮಗಳ ಕ್ಲಾಸಿನ ದಾರಿ.

ಮನೆಯಿಂದ 1.8 ಕಿಲೋಮೀಟರ್. ವಾರಕ್ಕೆ ನಾಲ್ಕು ದಿನ ಬಿಟ್ಟುಬರುವುದು, ಒಂದೂವರೆ ಗಂಟೆ ಬಿಟ್ಟು ಕರೆದುಕೊಂಡು ಬರುವುದು. ಇಷ್ಟು ಹತ್ತಿರದ ಓಡಾಟವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಒಂದು ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಕೂತು ಫೋನ್ ಕೈಯಲ್ಲಿ ಹಿಡಿದಿದ್ದ ಮಗಳು, "ಅಪ್ಪಾ, ಇದು ಕೆಟ್ಟುಹೋಗಿದೆ, ಆರು ಅಂತ ತೋರಿಸ್ತಿದೆ" ಅಂದಳು. ಒಂದು ಕಿಲೋಮೀಟರ್ ಆಗಿತ್ತು. ಎಂಜಿನ್ ಉಷ್ಣತೆ ಇನ್ನೂ 41 ಡಿಗ್ರಿ. ಅದೇನೂ ಕೆಟ್ಟಿರಲಿಲ್ಲ. ಕ್ಲಾಸಿನ ಗೇಟಿನ ಹತ್ತಿರ ನಿಲ್ಲಿಸುವಾಗ ಒಂಬತ್ತಕ್ಕೆ ಬಂದಿತ್ತು, ಅಷ್ಟರಲ್ಲಿ ಪ್ರಯಾಣವೇ ಮುಗಿಯಿತು. ಇನ್ನೂ ನಾಲ್ಕೈದು ಕಿಲೋಮೀಟರ್ ಓಡಿದ್ದರೆ ಹದಿನೈದು ದಾಟುತ್ತಿತ್ತು. ಆದರೆ ನಾವು ಅಷ್ಟು ದೂರ ಹೋಗುವವರೇ ಅಲ್ಲ.

ತಣ್ಣಗಿರುವ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಅದಕ್ಕಾಗಿ ಎಂಜಿನ್ನಿನ ಕಂಪ್ಯೂಟರ್ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತದೆ. ಆಯಿಲ್ ಮಂದವಾಗಿರುವುದರಿಂದ ಒಳಗಿನ ಭಾಗಗಳು ತಿರುಗುವುದಕ್ಕೇ ಶಕ್ತಿ ಬೇಕು. ಹೊಗೆಯ ಕೊಳವೆಯಲ್ಲಿದ್ದು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಕಾಯಲಿ ಎಂದು ಕಿಡಿ ಹೊತ್ತಿಸುವ ಸಮಯವನ್ನೂ ಬೇಕೆಂದೇ ತಡಮಾಡುತ್ತದೆ. ಆ ಶಾಖವೂ ಪೆಟ್ರೋಲಿನಿಂದಲೇ ಬರಬೇಕು. ಇವೆಲ್ಲ ಮುಗಿಯುವ ಹೊತ್ತಿಗೆ ನಮ್ಮ ಕೆಲಸವೂ ಮುಗಿದು ಎಂಜಿನ್ ಆಫ್ ಆಗಿರುತ್ತದೆ. ಕರೆತರಲು ಹೊರಟಾಗ ಮತ್ತೆ ಮೊದಲಿನಿಂದ.

ಆ ಕ್ಲಾಸಿನ ಓಡಾಟದ ಸರಾಸರಿ 8.5. ವಾರಕ್ಕೆ 29 ಕಿಲೋಮೀಟರಿಗೆ 3.4 ಲೀಟರ್, ತಿಂಗಳಿಗೆ ಹದಿನಾಲ್ಕು ಲೀಟರ್ ಹತ್ತಿರ. ಹೈವೇಯಲ್ಲಿ ಅಷ್ಟು ಶಿಸ್ತಿನಿಂದ ನಿಧಾನ ಓಡಿಸಿ ನಾನು ಉಳಿಸುತ್ತಿದ್ದದ್ದು ತಿಂಗಳಿಗೆ 2.2 ಲೀಟರ್. ಅವತ್ತು ರಾತ್ರಿ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಂಡು ಬಹಳ ಹೊತ್ತು ನೋಡುತ್ತಾ ಕೂತಿದ್ದೆ.

ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಅಳೆಯುವ ನಮ್ಮ ಅಭ್ಯಾಸವೂ ಇಲ್ಲಿ ದಾರಿ ತಪ್ಪಿಸುತ್ತದೆ. 20 ಕೊಡುವ ಕಡೆ 24 ಬರುವಂತೆ ಮಾಡಿದರೆ 100 ಕಿಲೋಮೀಟರಿಗೆ ಉಳಿಯುವುದು 0.83 ಲೀಟರ್. 10 ಕೊಡುವ ಕಡೆ 12 ಬಂದರೆ ಉಳಿಯುವುದು 1.67 ಲೀಟರ್, ಅಂದರೆ ಎರಡರಷ್ಟು. ನಾಲ್ಕು ಹೆಚ್ಚಾಗಿದ್ದು ದೊಡ್ಡ ಗೆಲುವು, ಎರಡು ಹೆಚ್ಚಾಗಿದ್ದು ಸಣ್ಣದು ಎಂದು ಮನಸ್ಸಿಗೆ ಅನ್ನಿಸುತ್ತದೆ, ಲೆಕ್ಕ ಅದಕ್ಕೆ ಪೂರಾ ಉಲ್ಟಾ. ಅದಕ್ಕೇ ನಾನು ಆ್ಯಪ್‌ನ ಸೆಟ್ಟಿಂಗ್ ಬದಲಿಸಿ 100 ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ತೋರಿಸುವಂತೆ ಇಟ್ಟುಕೊಂಡಿದ್ದೇನೆ. ನೀವು ಇದನ್ನು ಕೊಂಡರೆ ಮೊದಲ ದಿನವೇ ಮಾಡಬೇಕಾದ ಕೆಲಸ ಇದು.

ಈಗ ಮಗಳು ಹೆಚ್ಚಿನ ದಿನ ನಡೆದು ಹೋಗುತ್ತಾಳೆ, ಜೊತೆಗೆ ನಾನೋ ಹೆಂಡತಿಯೋ. ಇಪ್ಪತ್ತೈದು ನಿಮಿಷ. ಮಳೆ ಬಂದರೆ, ಮಗಳಿಗೆ ಹುಷಾರಿಲ್ಲದಿದ್ದರೆ ಕಾರು. ಉಳಿದ ಸಣ್ಣಪುಟ್ಟ ಓಡಾಟಗಳನ್ನು ಒಂದೇ ಸುತ್ತಿಗೆ ಸೇರಿಸಿಕೊಳ್ಳುವುದನ್ನು ರೂಢಿ ಮಾಡಿಸಿದವಳು ಹೆಂಡತಿ. ಮುಂಚೆ ಒಂದೊಂದಕ್ಕೂ ಕೀ ಹಿಡಿದು ಹೊರಡುತ್ತಿದ್ದೆ. ಈಗ ಅವಳು, "ರೀ, ಬ್ಯಾಂಕ್ ಕೆಲಸಾನೂ ಇದೆ, ಔಷಧಿನೂ ತರಬೇಕು, ನಾಳೆ ಒಟ್ಟಿಗೇ ಮುಗಿಸ್ಕೊಂಡು ಬನ್ನಿ" ಅನ್ನುತ್ತಾಳೆ. ದೂರದ ಕೆಲಸಕ್ಕೆ ಮೊದಲು ಹೋಗುತ್ತೇನೆ, ಎಂಜಿನ್ ಪೂರ್ತಿ ಬಿಸಿಯಾಗಿರುತ್ತದೆ, ಬರುತ್ತಾ ಹತ್ತಿರದವನ್ನು ಮುಗಿಸಿಕೊಳ್ಳುತ್ತೇನೆ. ಈ ಕ್ರಮ ತಿರುಗುಮುರುಗು ಮಾಡಿ ನೋಡಿದ್ದೇನೆ, ಅದೇ ದಾರಿಗೆ ಪೆಟ್ರೋಲ್ ಸ್ವಲ್ಪ ಹೆಚ್ಚೇ ಹೋಗುತ್ತದೆ.

ಓಡಿಸುವ ರೀತಿಯಲ್ಲಿ ಬದಲಾಗಿದ್ದು ಮುಖ್ಯವಾಗಿ ಒಂದು. ಇಳಿಜಾರಿನಲ್ಲಿ, ಸಿಗ್ನಲ್ ಹತ್ತಿರ ಬರುವಾಗ ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತದೆ ಎಂದು ನನಗೆ ಡ್ರೈವಿಂಗ್ ಕಲಿಸಿದವರು ಹೇಳಿದ್ದರು, ಇಪ್ಪತ್ತು ವರ್ಷ ಹಾಗೇ ಮಾಡಿದ್ದೆ. ಕಾರ್ಬ್ಯುರೇಟರ್ ಕಾಲದ ಮಾತು ಅದು. ಈಗಿನ ಇಂಜೆಕ್ಷನ್ ಎಂಜಿನ್‌ನಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಪೂರ್ತಿ ಮುಚ್ಚಿಕೊಳ್ಳುತ್ತವೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಖರ್ಚು ಸೊನ್ನೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ನಿಲ್ಲದಂತೆ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಮೇಲಾಗಿ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತವೇ ಇಲ್ಲದೆ ಬರೀ ಬ್ರೇಕ್ ಮೇಲೆ ಬರುವುದು ಅಪಾಯ. ಇದನ್ನು ತೆರೆಯ ಮೇಲೆ ಕಣ್ಣಾರೆ ನೋಡಿದ ಮೇಲೆ ಮುಂದಿನ ಸಿಗ್ನಲ್ ಕೆಂಪಾಗಿರುವುದು ಕಂಡ ಕೂಡಲೇ ಕಾಲೆತ್ತಿ ಗೇರಿನಲ್ಲೇ ಬರುತ್ತೇನೆ. ನಾಲ್ಕು ವರ್ಷದಲ್ಲಿ ಬ್ರೇಕ್ ಪ್ಯಾಡ್ ಬದಲಿಸುವ ಸಂದರ್ಭವೇ ಬಂದಿಲ್ಲ.

ಟೈರಿನ ಗಾಳಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೂ ತಿಂಗಳಿಗೊಮ್ಮೆ ನೋಡಿಸುತ್ತೇನೆ. ಆದರೆ ಒಂದೆರಡು ಪಿಎಸ್‌ಐ ಕಡಿಮೆಯಾದರೆ ಆಗುವ ವ್ಯತ್ಯಾಸ ಈ ಮೀಟರಿಗೆ ತಿಳಿಯುವಷ್ಟು ದೊಡ್ಡದಲ್ಲ. ಏಸಿಯದು ಚೆನ್ನಾಗಿ ತಿಳಿಯುತ್ತದೆ: ನಿಂತಲ್ಲಿ ಗಂಟೆಗೆ 0.7 ಇದ್ದದ್ದು 1.1 ಲೀಟರ್ ಆಗುತ್ತದೆ.

ಇನ್ನು ತೊಂದರೆಗಳು. ಒಂದಂತೂ ಗಂಭೀರವಾದದ್ದು. ಎರಡನೇ ವರ್ಷ ಕಾರು ಮನೆಯಲ್ಲೇ ಬಿಟ್ಟು 18 ದಿನ ಬೇರೆ ಊರಿಗೆ ಹೋಗಿದ್ದೆವು. ನಡುರಾತ್ರಿ ಬಂದಿಳಿದೆವು, ಬೆಳಿಗ್ಗೆ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಕೀ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟು ಏನೂ ಇಲ್ಲ, ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಮೆಕ್ಯಾನಿಕ್ ಬಂದು ಮೀಟರ್ ಹಿಡಿದು ನೋಡಿದಾಗ ಈ ಸಾಧನವೊಂದೇ 48 ಮಿಲಿಆಂಪಿಯರ್ ಎಳೆಯುತ್ತಿತ್ತು. 18 ದಿನಕ್ಕೆ ಅದು 20 ಆಂಪಿಯರ್ ಅವರ್‌ಗೂ ಹೆಚ್ಚು, ನನ್ನ ಬ್ಯಾಟರಿಯದು ಒಟ್ಟು 35. ಕಾರು ನಿಂತಾಗ ತಾನೇ ನಿದ್ರೆಗೆ ಹೋಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಹೋಗಿರಲಿಲ್ಲ. ತಯಾರಕರಿಗೆ ಬರೆದೆ, ಉತ್ತರ ಬರಲೇ ಇಲ್ಲ. ಆವತ್ತು ಅಮ್ಮನನ್ನು ಕಾಯಿಸಬೇಕಾಗಿ ಬಂದ ಸಂಕಟ ಇನ್ನೂ ಮನಸ್ಸಿನಲ್ಲಿದೆ. ಎರಡು ದಿನಕ್ಕಿಂತ ಹೆಚ್ಚು ಕಾರು ನಿಲ್ಲಿಸುವುದಿದ್ದರೆ ಇದನ್ನು ಕಿತ್ತಿಡಿ. ಬಟನ್ ಒತ್ತಿ ಆಫ್ ಮಾಡುವ ಮಾದರಿಗಳಿವೆ, ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಎರಡನೆಯದು ಗಮನ. ಓಡಿಸುತ್ತಾ ಅಂಕಿ ನೋಡುವ ಚಟ ಹತ್ತುತ್ತದೆ, ಮೊದಲ ತಿಂಗಳು ನನಗೂ ಹತ್ತಿತ್ತು. ಮುಂದಿನ ಬೈಕ್ ಸವಾರ ಬ್ರೇಕ್ ಹಾಕಿದ್ದು ತಡವಾಗಿ ಕಂಡಿತು. ಏನೂ ಆಗಲಿಲ್ಲ, ಆದರೆ ಅವತ್ತೇ ಫೋನನ್ನು ಗ್ಲೌ ಬಾಕ್ಸಿನೊಳಗೆ ಇಟ್ಟೆ. ದಾಖಲೆ ಹೇಗೂ ಆಗುತ್ತಿರುತ್ತದೆ, ಮನೆಗೆ ಬಂದು ನೋಡಿದರೆ ಸಾಕು.

ನಾಲ್ಕು ವರ್ಷದ ಲೆಕ್ಕ ಹೀಗಿದೆ. ಮೊದಲ ವರ್ಷ 13,200 ಕಿಲೋಮೀಟರ್, 846 ಲೀಟರ್, ಲೀಟರಿಗೆ 15.6. ನಾಲ್ಕನೇ ವರ್ಷ 10,000 ಕಿಲೋಮೀಟರ್, 549 ಲೀಟರ್, ಲೀಟರಿಗೆ 18.2. ಓಡಾಟ ಕಾಲು ಭಾಗದಷ್ಟು ಇಳಿಯಿತು, ಪೆಟ್ರೋಲ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. ಬಿಟ್ಟದ್ದು ಅತಿ ಹೆಚ್ಚು ಕುಡಿಯುವ ಓಡಾಟಗಳನ್ನೇ ಆದ್ದರಿಂದ ಹಾಗಾಯಿತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಆ ಲೆಕ್ಕದಲ್ಲಿ ವರ್ಷಕ್ಕೆ 680 ಕಿಲೋ ಕಡಿಮೆ, ಇದು ನನಗೆ ದುಡ್ಡಿನಷ್ಟೇ ಮುಖ್ಯ.

ಬೆಲೆ ಏರಿದ ಕೂಡಲೇ ಜನ ಓಡಾಟ ಕಡಿಮೆ ಮಾಡುವುದಿಲ್ಲ, ವರ್ಷಗಳು ಕಳೆದಂತೆ ನಿಧಾನವಾಗಿ ಬದಲಾಗುತ್ತಾರೆ ಎಂದು ಅರ್ಥಶಾಸ್ತ್ರದವರು ಹೇಳುತ್ತಾರೆ. ನನ್ನ ದಾಖಲೆಯೂ ಅದನ್ನೇ ಹೇಳುತ್ತದೆ: ಮೊದಲ ಆರು ತಿಂಗಳು ಗೊಣಗಿದ್ದು ಬಿಟ್ಟರೆ ಲೀಟರ್‌ಗಳು ಇಳಿಯಲೇ ಇಲ್ಲ. ಕಚ್ಚಾತೈಲ ಏರಿದಾಗ ಬಂಕಿನ ಬೆಲೆ ರಾಕೆಟ್ಟಿನಂತೆ ಏರುತ್ತದೆ, ಇಳಿದಾಗ ಹಕ್ಕಿಯ ಗರಿಯಂತೆ ತೇಲುತ್ತಾ ಇಳಿಯುತ್ತದೆ ಎಂಬುದೂ ಅವರದೇ ಮಾತು. ಆಮೇಲೆ ಬೆಲೆ ಇಳಿದ ತಿಂಗಳುಗಳೂ ಬಂದವು. ಆಗ ನಾವು ಹಳೆಯ ರೂಢಿಗೆ ಮರಳಲಿಲ್ಲ. ನಡೆದು ಹೋಗುವ ಹೊತ್ತಿನಲ್ಲಿ ಮಗಳು ಹೇಳುವ ಮಾತುಗಳನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ಸಣ್ಣ ಓಡಾಟಗಳೇ ಹೆಚ್ಚಿರುವವರಿಗೆ ಇದನ್ನು ಕೊಳ್ಳಿ ಎನ್ನುತ್ತೇನೆ. ದಿನವೂ ಒಂದೇ ಉದ್ದ ದಾರಿಯಲ್ಲಿ ಹೋಗಿಬರುವವರಿಗೆ ಟ್ಯಾಂಕ್ ಫುಲ್ ಮಾಡಿಸಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೂ ಸಾಕು. ನಾನು ಈಗ ಇದನ್ನು ಡ್ರಾಯರಿನಲ್ಲಿಟ್ಟಿರುತ್ತೇನೆ, ಮೂರು ತಿಂಗಳಿಗೊಮ್ಮೆ ಒಂದು ವಾರ ಹಾಕಿ ನೋಡುತ್ತೇನೆ. ಮುಂದಿನ ತಿಂಗಳು ಟೈರ್ ಬದಲಾಯಿಸುವುದಿದೆ. ಸವೆದ ಟೈರಿನ ಸುತ್ತಳತೆ ಕಡಿಮೆ, ಹಾಗಾಗಿ ಕಿಲೋಮೀಟರ್ ಓಡೋಮೀಟರಿನಲ್ಲಿ ಸ್ವಲ್ಪ ಹೆಚ್ಚೇ ಬಿದ್ದಿರುತ್ತದೆ, 18.2ರಲ್ಲಿ ಒಂದಿಷ್ಟು ಆ ಕಾರಣದಿಂದ ಬಂದಿರಬಹುದು. ಹೊಸ ಟೈರ್ ಹಾಕಿಸಿದ ಮೇಲೆ ಮತ್ತೆ ಮೂರು ಟ್ಯಾಂಕ್ ಫುಲ್ ಮಾಡಿಸಿ ಮೊದಲಿನಿಂದ ತಾಳೆ ನೋಡುತ್ತೇನೆ.