ಥ್ರೆಡ್ ಗುರುತಿಗೆ ಯಾವ್ದು? ಪಿಥ್ರೆಡ್ ಸೆಲ್ಫ್, ಗೆಟ್‌ಟಿಐಡಿ, ವಿಂಡೋಸ್‌ದು

ಥ್ರೆಡ್ ಅಂದ್ರೆ ಒಂದೇ ಪ್ರೋಗ್ರಾಂ ಒಳಗ ಜೊತೆಜೊತೆಗೇ ಓಡೋ ಕೆಲ್ಸಗಳಾಗ ಒಂದು. ಲಿನಕ್ಸ್‌ನಾಗ ಲಾಗ್ ಬರೀತೀರಿ ಅಂದ್ರೆ ಅದರ ಗುರುತಿಗೆ ಗೆಟ್‌ಟಿಐಡಿನೇ (ಕರ್ನಲ್, ಅಂದ್ರೆ ಓಎಸ್‌ನ ತಿರುಳು, ಥ್ರೆಡ್‌ಗೆ ಕೊಟ್ಟ ನಂಬರ್ ಹೇಳೋ ಫಂಕ್ಷನ್) ಹಾಕ್ರಿ, ಬೇರೆ ಯೋಚನೆ ಬ್ಯಾಡ. ದಾವಣಗೆರೆ ಎಪಿಎಂಸಿ ಕಡೆ ಒಂದು ಮೆಕ್ಕೆಜೋಳದ ಮಂಡಿಗೆ ನಾನು ಸಾಫ್ಟ್‌ವೇರ್ ನೋಡ್ಕೊತೀನಿ, ಒಂದೊಂದು ತೂಕದ ಮಷೀನ್‌ಗೆ ಒಂದೊಂದು ಥ್ರೆಡ್. ಸೀಸನ್‌ನಾಗ ಅದ್ರಾಗ ಒಂದು ಥ್ರೆಡ್ ಪೂರ್ತಿ ಒಂದು ಸಿಪಿಯು ಕೋರ್ ತಿನ್ನಾಕ ಹತ್ತಿತ್ತು, ಯಾವ್ದು ಅಂತ ಹಿಡೀಬೇಕಲ್ಲ, ಅದಕ್ಕೆ ಪಿಥ್ರೆಡ್ ಸೆಲ್ಫ್, ಗೆಟ್‌ಟಿಐಡಿ ಎರಡೂ ಕೊಡೋ ಐಡಿನ ಪಕ್ಕಪಕ್ಕ ಪ್ರಿಂಟ್ ಮಾಡಿ ನೋಡ್ದೆ.

ಪಿಥ್ರೆಡ್ ಸೆಲ್ಫ್ ಕೊಟ್ಟಿದ್ದು 0x7f ಇಂದ ಶುರುವಾಗೋ ಉದ್ದನೆ ನಂಬರ್. ಗ್ಲಿಬ್‌ಸಿ ಅನ್ನೋ ಲಿನಕ್ಸ್‌ನ ಸಿ ಲೈಬ್ರರಿನಾಗ ಅದು ಆ ಥ್ರೆಡ್‌ನ ಮಾಹಿತಿ ಇರೋ ಮೆಮೊರಿ ಅಡ್ರೆಸ್, ಕರ್ನಲ್‌ಗೆ ಅದರ ಗೊಡವೆನೇ ಇಲ್ಲ, ಹಂಗಾಗಿ ಫಾಸ್ಟ್, ಆದ್ರೆ ಯಾವ ಥ್ರೆಡ್ ಎಷ್ಟು ಸಿಪಿಯು ತಿಂತತಿ ಅಂತ ತೋರ್ಸೋ ಟಾಪ್ -ಎಚ್ ಓಪನ್ ಮಾಡಿದ್ರೆ ಆ ನಂಬರ್ ಎಲ್ಲೂ ಸಿಗಲ್ಲ. ಗೆಟ್‌ಟಿಐಡಿ ಕೊಟ್ಟ ಸಣ್ಣ ನಂಬರ್ ಮಾತ್ರ ಟಾಪ್‌ನಾಗೂ ಐತಿ, ಕರ್ನಲ್ ಮಾಹಿತಿ ತೋರ್ಸೋ /ಪ್ರಾಕ್ ಒಳಗ ಟಾಸ್ಕ್ ಫೋಲ್ಡರ್‌ನಾಗೂ ಐತಿ, ಜಿಡಿಬಿ ಅನ್ನೋ ಡೀಬಗ್ಗರ್‌ನಾಗ ಎಲ್‌ಡಬ್ಲ್ಯೂಪಿ ಅಂತನೂ ಅದೇ ಬರ್ತತಿ. ಅದನ್ನ ಲಾಗ್‌ನಾಗ ಹುಡುಕಿದ ಕೂಡ್ಲೆ ಆ ಥ್ರೆಡ್ ಯಾವ ಮಷೀನ್‌ದು ಅಂತ ಗೊತ್ತಾತು, ಅದರ ಕೇಬಲ್ ಕಿತ್ತಿತ್ತು. ಗೆಟ್‌ಪಿಐಡಿ (ಪೂರ್ತಿ ಪ್ರೋಸೆಸ್‌ನ ನಂಬರ್) ಇಲ್ಲಿ ಕೆಲ್ಸಕ್ಕೆ ಬರಲ್ಲ, ಎಲ್ಲಾ ಥ್ರೆಡ್‌ಗೂ ಒಂದೇ ಉತ್ರ.

ಗೆಟ್‌ಟಿಐಡಿ ಪ್ರತಿ ಸಲ ಕರ್ನಲ್‌ಗೆ ಹೋಗಿ ಬರ್ತತಿ. ಹಂಗಂತ ಥ್ರೆಡ್ ಲೋಕಲ್ ವೇರಿಯಬಲ್‌ನಾಗ ಇಟ್ಕೊಂಡ್ರೆ ಫೋರ್ಕ್ (ಪ್ರೋಸೆಸ್‌ನ ನಕಲು ಮಾಡೋದು) ಆದ್ಮೇಲೆ ಮಗು ಪ್ರೋಸೆಸ್‌ನಾಗ ಹಳೇ ನಂಬರೇ ಉಳೀತತಿ, ಅಲ್ಲಿ ಮತ್ತೆ ಕೇಳ್ಲೇಬೇಕು. ಗ್ಲಿಬ್‌ಸಿ 2.30, ಅಂದ್ರೆ 2019ರ ತನಕ ಇದಕ್ಕೆ ನೇರ ಫಂಕ್ಷನ್ನೇ ಇರ್ಲಿಲ್ಲ, ಸಿಸ್‌ಕಾಲ್ (ಕರ್ನಲ್‌ಗೆ ನೇರ ಕರೆ) ಬರ್ದು ಕರೀಬೇಕಿತ್ತು (x86-64ನಾಗ ಅದರ ನಂಬರ್ 186), ಹಳೇ ಸರ್ವರ್ ಇದ್ದೋರು ಈಗ್ಲೂ ಹಂಗೇ ಕರೀರಿ.

ಪ್ರೋಗ್ರಾಂ ಒಳಗೇ ಎರಡು ಥ್ರೆಡ್ ಒಂದೇನಾ ಅಂತ ನೋಡಾಕ ಪಿಥ್ರೆಡ್ ಸೆಲ್ಫ್ ಚಲೋ, ಹೋಲ್ಸೋದು ಪಿಥ್ರೆಡ್ ಈಕ್ವಲ್ ಇಂದ.

ಮಂಡಿಯ ಬಿಲ್ಲಿಂಗ್ ಪಿಸಿ ವಿಂಡೋಸ್. ಅಲ್ಲಿ ಗೆಟ್ ಕರೆಂಟ್ ಥ್ರೆಡ್ ಐಡಿ ಕರ್ನಲ್‌ಗೆ ಹೋಗದೇನೇ ಉತ್ರ ಕೊಡ್ತತಿ, ಡೀಬಗ್ಗರ್‌ನಾಗೂ ಅದೇ ನಂಬರ್. ಇದ್ರಾಗ ನನಗೆ ವಿಂಡೋಸೇ ಇಷ್ಟ ಆತು.

ಮೂರೂ ಕಡೆ ಥ್ರೆಡ್ ಸತ್ತ ಮೇಲೆ ಅದೇ ಐಡಿ ಇನ್ನೊಂದಕ್ಕೆ ಸಿಗಬಹುದು, ಅದಕ್ಕೆ ಲಾಗ್‌ನಾಗ ಟೈಮೂ ಇರ್ಲಿ, ಥ್ರೆಡ್‌ಗೆ ಹೆಸ್ರೂ ಇಡ್ರಿ. ಲಿನಕ್ಸ್‌ನಾಗ ಹೆಸ್ರಿಗೆ 15 ಬೈಟ್ ಅಷ್ಟೇ, ಯುಟಿಎಫ್-8ನಾಗ ಕನ್ನಡದ ಅಕ್ಷರ, ಕಾಗುಣಿತದ ಗುರುತು ಒಂದೊಂದಕ್ಕೂ 3 ಬೈಟ್, ‘ತೂಕ’ ಅನ್ನೋದಕ್ಕೇ 9 ಹೋಗ್ತತಿ, ಮಷೀನ್ ನಂಬರ್‌ಗೆ 6 ಉಳೀತತಿ, ನಮಗೆ ಅಷ್ಟು ಸಾಕಾತು.