ಕಿರುಬೆರಳು ಜೋಮು ಹಿಡಿದರೆ ಅಲ್ಲೇ ನಿಲ್ಲಿಸಿ

ಕಳೆದ ಸೆಪ್ಟೆಂಬರ್‌ನ ಒಂದು ಸೋಮವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಸಾರನ್ನ ಕಲಸಿ ತುತ್ತು ಎತ್ತಿದರೆ ಬಾಯಿಗೆ ಬರುವಷ್ಟರಲ್ಲಿ ಅರ್ಧ ತಟ್ಟೆಗೆ ಬಿತ್ತು. ಮತ್ತೆ ಎತ್ತಿದೆ, ಮತ್ತೆ ಬಿತ್ತು. ಕೈ ನೋಡಿಕೊಂಡೆ. ಬಲಗೈ ಕಿರುಬೆರಳು ಉಳಿದ ಬೆರಳುಗಳನ್ನು ಬಿಟ್ಟು ದೂರ ನಿಂತಿತ್ತು. ಪಕ್ಕಕ್ಕೆ ಸೇರಿಸಲು ನೋಡಿದೆ, ಬರಲಿಲ್ಲ. ಉಂಗುರದ ಬೆರಳಿಗೂ ಅದಕ್ಕೂ ನಡುವೆ ಸಂದು. ಆ ಸಂದಿನಲ್ಲಿ ಸಾರು ಸೋರುತ್ತಿತ್ತು.

ಭಾನುವಾರ ನಸುಕಿನಲ್ಲಷ್ಟೇ 300 ಕಿ.ಮೀ. ಬ್ರೆವೆ ಮುಗಿಸಿದ್ದೆ. ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ ಬ್ರೆವೆ ಅನ್ನುತ್ತಾರೆ. 20 ಗಂಟೆ ಗಡುವು, ನಾನು 18 ಗಂಟೆಯಲ್ಲಿ ಮುಗಿಸಿದ್ದೆ. ತುಂಬಾ ಖುಷಿಯಲ್ಲಿದ್ದೆ. ಆ ಖುಷಿ ಊಟದ ತಟ್ಟೆಯ ಮುಂದೆ ಇಳಿದುಹೋಯಿತು.

ಇದನ್ನು ಬರೆಯುತ್ತಿರುವುದು ರೋಡ್ ಬೈಕ್ ತೆಗೆದುಕೊಂಡು ಒಂದೆರಡು ವರ್ಷ ಆದವರಿಗಾಗಿ. ಐವತ್ತು, ನೂರು ಕಿಲೋಮೀಟರ್ ದಾಟಿ ಈಗ ಬ್ರೆವೆ ಕಡೆ ಕಣ್ಣು ಹಾಕಿರುವವರಿಗಾಗಿ. ನಿಮ್ಮ ಕಿರುಬೆರಳು ರೈಡ್‌ನಲ್ಲಿ ಜೋಮು ಹಿಡಿಯುತ್ತಿದ್ದರೆ, 'ಎಲ್ರಿಗೂ ಆಗುತ್ತೆ, ಕೈ ಒದರಿದರೆ ಹೋಗುತ್ತೆ' ಅಂತ ಯಾರಾದರೂ ಹೇಳಿದ್ದರೆ, ದಯವಿಟ್ಟು ಪೂರ್ತಿ ಓದಿ. ನನಗೂ ಹಾಗೇ ಹೇಳಿದ್ದರು. ನಾನೂ ನಂಬಿದೆ.

ಶುರುವಾದದ್ದು ಅಂಗಡಿಯಲ್ಲಿ. ನನ್ನ ಎತ್ತರ 168 ಸೆಂ.ಮೀ. ನನಗೆ ಬೇಕಿದ್ದದ್ದು 52 ಸೈಜಿನ ಫ್ರೇಮ್, ಜಾಸ್ತಿ ಅಂದರೆ 54. ಅಂಗಡಿಯಲ್ಲಿ ಹಿಂದಿನ ವರ್ಷದ ಮಾಡೆಲ್ ಒಂದೇ ಒಂದು ಉಳಿದಿತ್ತು, ಅದು 56. ಒಳ್ಳೆ ರಿಯಾಯಿತಿ ಕೊಟ್ಟರು, 92,000 ರೂಪಾಯಿಗೆ ಬಂತು. ಮೇಲಿನ ಕೊಳವೆಯ ಮೇಲೆ ಕಾಲು ಅಗಲಿಸಿ ನಿಲ್ಲಿಸಿ, 'ನೋಡಿ, ತಾಗ್ತಾ ಇಲ್ವಲ್ಲ, ಸರಿಯಾಗಿದೆ. ದೂರ ಅನ್ನಿಸಿದರೆ ಸ್ಟೆಮ್ ಗಿಡ್ಡದು ಹಾಕೋಣ' ಅಂದರು. ಸ್ಟೆಮ್ ಅಂದರೆ ಹ್ಯಾಂಡಲನ್ನು ಫ್ರೇಮಿಗೆ ಜೋಡಿಸುವ ತುಂಡು. ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ ಅಂತ ನನಗೆ ಆಗ ತಿಳಿದಿರಲಿಲ್ಲ. ಸೈಕಲ್ ಮೇಲೆ ನಾವು ನಿಲ್ಲುವುದಿಲ್ಲ, ಮುಂದಕ್ಕೆ ಚಾಚಿ ಕೂರುತ್ತೇವೆ. ನೋಡಬೇಕಾದದ್ದು ರೀಚ್ ಮತ್ತು ಸ್ಟ್ಯಾಕ್ ಎಂಬ ಎರಡು ಅಂಕಿ. ಪೆಡಲ್ ತಿರುಗುವ ನಡು ಅಚ್ಚಿನಿಂದ ಫ್ರೇಮಿನ ಮುಂದಿನ ಕೊಳವೆಯ ತುದಿ ಎಷ್ಟು ಮುಂದಿದೆ ಅನ್ನುವುದು ರೀಚ್, ಎಷ್ಟು ಎತ್ತರದಲ್ಲಿದೆ ಅನ್ನುವುದು ಸ್ಟ್ಯಾಕ್. ಪ್ರತಿ ಕಂಪನಿಯೂ ಪ್ರತಿ ಸೈಜಿಗೂ ಈ ಅಂಕಿ ಕೊಟ್ಟಿರುತ್ತದೆ. ಒಂದು ಕಂಪನಿಯ 54 ಇನ್ನೊಂದರ 52ರ ಹಾಗಿರಬಹುದು. ಅದಕ್ಕೇ ಬರೀ ಸೈಜಿನ ಅಂಕಿ ನೋಡಿ ದುಡ್ಡು ಕೊಡಬೇಡಿ.

ಮೊದಲ ಕೆಲವು ತಿಂಗಳು ಮೈಸೂರಿನಲ್ಲೇ ಓಡಿಸಿದೆ. ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ, ಭಾನುವಾರ ನಂಜನಗೂಡು. ತೊಂದರೆ ಕಾಣಲಿಲ್ಲ. ಬೆಟ್ಟ ಹತ್ತುವಾಗ ಮೈ ಹಿಂದಕ್ಕೆ ವಾಲುತ್ತದೆ, ಕೈ ಮೇಲೆ ಭಾರ ಬೀಳುವುದಿಲ್ಲ. ಗುಂಡ್ಲುಪೇಟೆಗೆ ಹೋಗಿ ಬಂದ ದಿನ, ಅಂದರೆ ಸುಮಾರು 120 ಕಿ.ಮೀ. ಒಂದೇ ಸಮ ಓಡಿಸಿದ ದಿನ, ವಾಪಸ್ ಬರುವಾಗ ಬಲಗೈ ಕಿರುಬೆರಳು ಮರಗಟ್ಟಿತು. ಜೊತೆಗೆ ತೊಡೆ ಸಂದಿಯಲ್ಲೂ ಜೋಮು. ಮನೆಗೆ ಬಂದ ಮೇಲೆ ಎರಡೂ ಹೋದವು. ಆದರೂ ಒಂದು ಫಿಟ್ ಮಾಡಿಸೋಣ, ಅಂದರೆ ಸೈಕಲ್ಲನ್ನು ಮೈ ಅಳತೆಗೆ ಹೊಂದಿಸಿಕೊಳ್ಳೋಣ ಅನ್ನಿಸಿತು.

ಅಲ್ಲಿಂದ ಮುಂದೆ ಆದದ್ದೇ ನನ್ನ ಕೈ ಕೆಡಿಸಿದ್ದು. ಬೆಂಗಳೂರಿನ ಒಂದು ಕಡೆ 6,000 ರೂಪಾಯಿ ಕೊಟ್ಟು ಫಿಟ್ ಮಾಡಿಸಿದೆ. ಲೇಸರ್ ಇತ್ತು, ಕ್ಯಾಮೆರಾ ಇತ್ತು, ಪರದೆ ಮೇಲೆ ಕೋನಗಳ ಅಂಕಿ ಇತ್ತು. ನಲವತ್ತೈದು ನಿಮಿಷದಲ್ಲಿ ಮುಗಿಯಿತು. ನನಗೆ ಹಳೆ ಪೆಟ್ಟು ಇದೆಯಾ, ಎಲ್ಲಿ ನೋವು, ಎಷ್ಟು ದೂರ ಓಡಿಸ್ತೀರಿ ಅಂತ ಒಂದು ಮಾತೂ ಕೇಳಲಿಲ್ಲ. ಹ್ಯಾಂಡಲ್ ದೂರ ಅಂದದ್ದಕ್ಕೆ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿದರು. ತೊಡೆ ಸಂದಿ ಜೋಮು ಅಂದದ್ದಕ್ಕೆ ಸೀಟಿನ ಮೂಗನ್ನು ಕೆಳಕ್ಕೆ ಬಗ್ಗಿಸಿದರು. ಕೈಗೆ ದಪ್ಪ ಜೆಲ್ ಇರುವ ಗ್ಲೌಸ್ ಮಾರಿದರು.

ಈ ಮೂರೂ ಕೇಳಲು ಎಷ್ಟು ಸರಿ ಅನ್ನಿಸುತ್ತವೆ ಅಲ್ವಾ? ಮೂರೂ ಭಾರವನ್ನು ಅಂಗೈ ಮೇಲೆ ತಂದು ಹಾಕಿದವು.

ಯಾಕೆ ಅಂತ ಮನೆಯಲ್ಲೇ ನೋಡಬಹುದು. ಗೋಡೆಗೆ ಹಿಮ್ಮಡಿ, ಸೊಂಟ ಎರಡನ್ನೂ ಅಂಟಿಸಿ ನಿಂತುಕೊಳ್ಳಿ. ಈಗ ನೆಲದ ಮೇಲಿನ ಚೊಂಬು ಎತ್ತಲು ಬಗ್ಗಿ. ಮುಗ್ಗರಿಸುತ್ತೀರಿ. ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ. ಸೊಂಟ ತಾನಾಗಿ ಹಿಂದಕ್ಕೆ ಹೋಗುತ್ತದೆ, ಮೈ ತೂಕ ಪಾದದ ಮೇಲೇ ಉಳಿಯುತ್ತದೆ, ಆರಾಮಾಗಿ ಎತ್ತುತ್ತೀರಿ. ಸೈಕಲ್ ಮೇಲೂ ಇದೇ ಲೆಕ್ಕ. ಸೀಟು ಪೆಡಲ್‌ಗಿಂತ ಸಾಕಷ್ಟು ಹಿಂದೆ ಇದ್ದರೆ ಬೆನ್ನು, ಸೊಂಟ, ಕಾಲು ಸೇರಿ ಮೈಯನ್ನು ಹೊರುತ್ತವೆ. ಸೀಟು ಮುಂದೆ ತಳ್ಳಿದರೆ ಗೋಡೆಗೆ ಒರಗಿ ಬಗ್ಗಿದ ಹಾಗೆ. ಬೀಳದಂತೆ ತಡೆಯಲು ಉಳಿಯುವುದು ಕೈ ಮಾತ್ರ. ಅದರ ಮೇಲೆ ಮೂಗು ಬಗ್ಗಿದ ಸೀಟು. ಪ್ರತಿ ಪೆಡಲಿಗೂ ಒಂದಿಷ್ಟು ಜಾರುತ್ತೀರಿ, ಪ್ರತಿ ಸಲವೂ ಅಂಗೈಯಲ್ಲಿ ಒತ್ತಿ ಹಿಂದಕ್ಕೆ ಬರುತ್ತೀರಿ.

ಹ್ಯಾಂಡಲ್ ದೂರ ಇದೆ ಅಂತ ಸೀಟನ್ನು ಮುಂದೆ ತರಬಾರದು. ಸೀಟಿನ ಜಾಗ ಕಾಲಿಗೆ ಮತ್ತು ಸಮತೋಲಕ್ಕೆ ಸಂಬಂಧಪಟ್ಟದ್ದು. ಅದನ್ನು ಮೊದಲು ಕೂರಿಸಿ, ಆಮೇಲೆ ಹ್ಯಾಂಡಲನ್ನು ನಿಮ್ಮ ಹತ್ತಿರ ತರಬೇಕು. ಈ ಒಂದು ಮಾತು ಆ ದಿನ ಯಾರಾದರೂ ಹೇಳಿದ್ದರೆ ಐದು ತಿಂಗಳು ಉಳಿಯುತ್ತಿತ್ತು.

ಇನ್ನು ಗ್ಲೌಸ್. ಅಂಗೈ ಬುಡದಲ್ಲಿ, ಕಿರುಬೆರಳ ಕಡೆ, ಎರಡು ಸಣ್ಣ ಮೂಳೆಗಳ ನಡುವೆ ಒಂದು ಕಿರಿದಾದ ಓಣಿ ಇದೆ. ಗಯೋನ್ ಕಾಲುವೆ ಅಂತ ಕರೆಯುತ್ತಾರೆ. ಅಲ್ನಾರ್ ನರ ಅದರೊಳಗಿಂದಲೇ ಹಾದು ಕಿರುಬೆರಳಿಗೂ ಉಂಗುರದ ಬೆರಳಿನ ಅರ್ಧಕ್ಕೂ ಹೋಗುತ್ತದೆ. ಬೆರಳುಗಳನ್ನು ಅಗಲಿಸುವ, ಸೇರಿಸುವ, ಚಿವುಟುವ ಸಣ್ಣ ಸ್ನಾಯುಗಳಿಗೂ ಅದೇ ನರ. ಜೆಲ್ ಗಡ್ಡೆ ಆ ಓಣಿಯ ಎರಡೂ ಪಕ್ಕ ಇದ್ದರೆ ನಡುವೆ ಒತ್ತಡ ಬೀಳುವುದಿಲ್ಲ, ಒಳ್ಳೆಯದು. ನನ್ನದರಲ್ಲಿ ಗಡ್ಡೆ ಸರಿಯಾಗಿ ಅದರ ಮೇಲೇ ಕೂತಿತ್ತು. ಮಣಿಕಟ್ಟು ಹಿಂದಕ್ಕೆ ಬಗ್ಗಿದಾಗ ನರ ಎಳೆದುಕೊಳ್ಳುತ್ತದೆ, ಮೇಲಿನಿಂದ ಜೆಲ್ ಒತ್ತುತ್ತದೆ. ಕೆಳಗೆ 25 ಮಿ.ಮೀ. ಟೈರು, ಅದರಲ್ಲಿ 110 ಪಿಎಸ್‌ಐ ಗಾಳಿ. ಗಟ್ಟಿ ಟೈರು ವೇಗ ಅಂತ ಹಾಗೆ ಹಾಕಿಸುತ್ತಿದ್ದೆ. ನಮ್ಮ ಹೆದ್ದಾರಿಯ ಪ್ರತಿ ಪಟ್ಟೆ ಉಬ್ಬೂ ನೇರ ಆ ಓಣಿಗೆ ಬಡಿಯುತ್ತಿತ್ತು.

ಹೀಗೆ ತಯಾರಾಗಿ ಬ್ರೆವೆಗೆ ಹೋದೆ. ಬೆಂಗಳೂರಿನಿಂದ ತುಮಕೂರು, ಶಿರಾ ದಾಟಿ, ಹಿರಿಯೂರಿಗೆ ಸ್ವಲ್ಪ ಮೊದಲೇ ತಿರುಗಿ ವಾಪಸ್. ಹೆದ್ದಾರಿ ಬಹುಪಾಲು ಸಪಾಟು, ಗಾಳಿಗೆ ಬೆನ್ನು ಬಗ್ಗಿಸಿ ಗಂಟೆಗಟ್ಟಲೆ ಒಂದೇ ಭಂಗಿ. ಶಿರಾಕ್ಕೆ ಮೊದಲೇ ಕಿರುಬೆರಳು ಸತ್ತ ಹಾಗಾಯಿತು. ಕೈ ಒದರಿದೆ, ಜೋಮು ಹೋಗಲಿಲ್ಲ. ವಾಪಸ್ ಬರುವಾಗ ಗೇರ್ ಲಿವರ್ ತಳ್ಳಲು ಬೆರಳಿನಲ್ಲಿ ಶಕ್ತಿ ಇರಲಿಲ್ಲ, ಇಡೀ ಕೈ ಎತ್ತಿ ಒತ್ತಬೇಕಾಯಿತು. ತುಮಕೂರಿನ ಹತ್ತಿರ ಕತ್ತಲಲ್ಲಿ ಒಂದು ಲಾರಿ ಸಡನ್ನಾಗಿ ಎಡಕ್ಕೆ ಬಂತು. ಬಲಗೈ ಬ್ರೇಕ್ ನಾನು ಅಂದುಕೊಂಡಷ್ಟು ಹಿಡಿಯಲಿಲ್ಲ. ಎಡಗೈ ಉಳಿಸಿತು. ಅಷ್ಟಾದರೂ ನಿಲ್ಲಿಸಲಿಲ್ಲ. ಇನ್ನು 70 ಕಿಲೋಮೀಟರ್ ಅಷ್ಟೇ ಅಲ್ವಾ ಅಂದುಕೊಂಡೆ.

ಜೋಮು ಬರುವುದು ಒಂದು ಹಂತ, ಶಕ್ತಿ ಹೋಗುವುದು ಇನ್ನೊಂದು. ಲಿವರ್ ತಳ್ಳಲು ಆಗದ ಗಳಿಗೆಯಲ್ಲೇ ಸೈಕಲ್ ಬಸ್ಸಿನ ಮೇಲೆ ಹಾಕಿಸಿ ಮನೆಗೆ ಬರಬೇಕಿತ್ತು. ಬ್ರೆವೆ ಮುಂದಿನ ತಿಂಗಳು ಮತ್ತೆ ಇರುತ್ತದೆ.

ಇನ್ನೊಂದು ತಪ್ಪೂ ಆ ದಿನ ಮಾಡಿದೆ. ಭುಜ ನೋವಿಗೆ ಅಂತ ದಾರಿಯಲ್ಲಿ ಎರಡು ಸಲ ಐಬುಪ್ರೊಫೇನ್ ನುಂಗಿದೆ. ಆಮೇಲೆ ಇದನ್ನು ಕೇಳಿ ಡಾಕ್ಟರ್ ನನ್ನ ಕೈ ನೋಡಿದ್ದಕ್ಕಿಂತ ಜಾಸ್ತಿ ಗಾಬರಿಯಾದರು. ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದ ಮೈಗೆ ಈ ಜಾತಿಯ ಮಾತ್ರೆ ಹಾಕಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಜೊತೆಗೆ, ನಿಲ್ಲಿಸು ಅಂತ ಹೇಳುವ ನೋವನ್ನೇ ಬಾಯಿ ಮುಚ್ಚಿಸಿದ ಹಾಗೆ. ರೈಡ್ ಮಧ್ಯೆ ನೋವಿನ ಮಾತ್ರೆ ಬೇಡ.

ಡಾಕ್ಟರ್ ಬಳಿ ಹೋದಾಗ ಅವರು ಮೊದಲು ಒಂದು ಹಾಳೆ ಕೊಟ್ಟರು. ಹೆಬ್ಬೆರಳು ಮತ್ತು ತೋರುಬೆರಳ ಪಕ್ಕದ ನಡುವೆ ಹಿಡಿದುಕೋ, ನಾನು ಎಳೆಯುತ್ತೇನೆ ಅಂದರು. ಎಡಗೈಯಲ್ಲಿ ಹಾಳೆ ಅಲುಗಲಿಲ್ಲ. ಬಲಗೈಯಲ್ಲಿ ಹೆಬ್ಬೆರಳ ತುದಿ ಗಂಟು ಬಗ್ಗಿಕೊಂಡಿತು, ಹಾಳೆ ಜಾರಿತು. ಆಮೇಲೆ ಸೂಜಿಯಲ್ಲಿ ಮೆಲ್ಲಗೆ ಚುಚ್ಚಿ ನೋಡಿದರು. ಕಿರುಬೆರಳ ಒಳಬದಿ ಮಂಕು, ಆದರೆ ಕೈಯ ಹಿಂಬದಿಯಲ್ಲಿ ಸರಿಯಾಗಿ ಗೊತ್ತಾಗುತ್ತಿತ್ತು. ಮೊಣಕೈ ಹತ್ತಿರ ನರ ಒತ್ತಿದ್ದರೆ ಹಿಂಬದಿಯೂ ಮಂಕಾಗಬೇಕಿತ್ತು. ಹಾಗಾಗಿ ಪೆಟ್ಟು ಮಣಿಕಟ್ಟಿನಲ್ಲೇ ಅಂದರು. ನರದ ವೇಗ ಅಳೆಯುವ ಪರೀಕ್ಷೆಯನ್ನು ಮೂರು ವಾರ ಬಿಟ್ಟು ಮಾಡಿಸಿದರು, ಬೇಗ ಮಾಡಿದರೆ ಪೆಟ್ಟಿನ ಆಳ ಸರಿಯಾಗಿ ಕಾಣುವುದಿಲ್ಲವಂತೆ. ಅದರಲ್ಲೂ ಅದೇ ಬಂತು. ಸೈಕಲ್ ಓಡಿಸುವವರಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ಇದಕ್ಕೆ ಹ್ಯಾಂಡಲ್‌ಬಾರ್ ಪಾಲ್ಸಿ ಅಂತಲೇ ಹೆಸರಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದು ಬೇರೆ ನರದ್ದು. ಕುತ್ತಿಗೆಯಿಂದ ತೋಳಿಗೆ ಇಳಿಯುವ ನೋವು ಇನ್ನೂ ಬೇರೆ. ನೀವೇ ಯಾವುದೆಂದು ತೀರ್ಮಾನ ಮಾಡಿಕೊಂಡು ಕೂರಬೇಡಿ, ತೋರಿಸಿ.

ನರದ ಮೇಲಿನ ಹೊದಿಕೆಗೆ ಮಾತ್ರ ಪೆಟ್ಟಾಗಿದ್ದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಒಳಗಿನ ಎಳೆ ಹೋಗಿದ್ದರೆ ಅದು ಮತ್ತೆ ಬೆಳೆಯಬೇಕು, ದಿನಕ್ಕೆ ಸುಮಾರು 1 ಮಿ.ಮೀ. ನನ್ನದು ಎರಡೂ ಬೆರೆತಿತ್ತು. ಮೂರು ತಿಂಗಳು ಸೈಕಲ್ ಮುಟ್ಟಬೇಡ, ಅಂಗೈ ಊರುವ ಯಾವ ಕೆಲಸವೂ ಬೇಡ ಅಂದರು. ದಂಡ ಹೊಡೆಯುವುದು ಬೇಡ, ರೊಟ್ಟಿ ಹಿಟ್ಟು ನಾದುವುದು ಬೇಡ. ರಾತ್ರಿ ಮಣಿಕಟ್ಟು ಬಗ್ಗದಂತೆ ಪಟ್ಟಿ. ಅಕ್ಟೋಬರ್‌ನಲ್ಲಿ ಉಗುರು ಕತ್ತರಿ ಒತ್ತಲೂ ಆಗುತ್ತಿರಲಿಲ್ಲ. ಸ್ಕೂಟರ್ ಬೀಗದ ಕೈ ಎಡಗೈಯಲ್ಲಿ ತಿರುಗಿಸುತ್ತಿದ್ದೆ. ಹೆಬ್ಬೆರಳು ತೋರುಬೆರಳ ನಡುವಿನ ಮಾಂಸ ಇಳಿದು ಗುಳಿ ಬಿದ್ದಿತ್ತು. ಅದನ್ನು ದಿನಾ ನೋಡುವುದು ಬಹಳ ಕಷ್ಟವಾಯಿತು.

ಡಿಸೆಂಬರ್ ಕೊನೆಗೆ ಮನೆಗೆ ಅವರೆಕಾಯಿ ಬರತೊಡಗಿತು. ಫಿಸಿಯೋ ಹೇಳಿದ್ದ ಚಿವುಟುವ ವ್ಯಾಯಾಮಕ್ಕೆ ಹಿತಕಿದ ಬೇಳೆಗಿಂತ ಒಳ್ಳೆಯದು ಸಿಗಲಿಲ್ಲ. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿತಕಬೇಕು, ಬೇಳೆ ಚಿಮ್ಮಬೇಕು. ಮೊದಲ ದಿನ ಬಲಗೈಯಲ್ಲಿ ಹನ್ನೊಂದು ಕಾಳು ಹಿತಕಿ ಸೋತೆ. ಸಂಕ್ರಾಂತಿ ಹೊತ್ತಿಗೆ ಒಂದು ಬಟ್ಟಲು ಆಗುತ್ತಿತ್ತು.

ಮತ್ತೆ ಸೈಕಲ್ ಹತ್ತುವ ಮೊದಲು ಬೇರೊಬ್ಬ ಫಿಟ್ಟರ್ ಹತ್ತಿರ ಹೋದೆ. ಅವರು ಮೊದಲ ಮುಕ್ಕಾಲು ಗಂಟೆ ಬರೀ ಮಾತಾಡಿಸಿದರು, ಹಾಸಿಗೆ ಮೇಲೆ ಮಲಗಿಸಿ ಕಾಲು ಎಷ್ಟು ಮೇಲೇಳುತ್ತದೆ ನೋಡಿದರು. ಆಮೇಲೆ ಟ್ರೇನರ್ ಮೇಲೆ, ಅಂದರೆ ಸೈಕಲ್ಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಸ್ಟ್ಯಾಂಡಿನ ಮೇಲೆ, ಜೋರಾಗಿ ತುಳಿಯಲು ಹೇಳಿ, ಎರಡೂ ಕೈಯನ್ನು ಹ್ಯಾಂಡಲ್‌ನಿಂದ ಒಂದಿಂಚು ಎತ್ತಿ ಅಂದರು. ಎತ್ತಿದ ತಕ್ಷಣ ಮುಂದಕ್ಕೆ ಬಿದ್ದೆ. ಸೀಟನ್ನು 18 ಮಿ.ಮೀ. ಹಿಂದೆ ಸರಿಸಿ, ಮಟ್ಟ ಮಾಡಿ, 6 ಮಿ.ಮೀ. ಇಳಿಸಿದರು. ಮತ್ತೆ ಎತ್ತಿ ಅಂದರು. ಈ ಸಲ ಒಂದೆರಡು ಸೆಕೆಂಡ್ ನಿಂತೆ. ತೊಡೆ ಸಂದಿಯ ಜೋಮಿಗೆ ಕಾರಣ ಸೀಟು ಎತ್ತರವಾಗಿ, ಸೊಂಟ ಅತ್ತಿತ್ತ ಆಡುತ್ತಿದ್ದದ್ದು. ಮೂಗು ಬಗ್ಗಿಸುವ ಅಗತ್ಯವೇ ಇರಲಿಲ್ಲ. ಈ ಕೈ ಎತ್ತುವ ಪರೀಕ್ಷೆ ನಿಮ್ಮ ಟ್ರೇನರ್ ಮೇಲೆ ಇವತ್ತೇ ಮಾಡಿ ನೋಡಿ, ರಸ್ತೆಯಲ್ಲಿ ಮಾತ್ರ ಬೇಡ.

ಸೀಟು ಸರಿಯಾದ ಜಾಗಕ್ಕೆ ಹೋದ ಮೇಲೆ ಹ್ಯಾಂಡಲ್ ಇನ್ನೂ ದೂರವಾಯಿತು. 110 ಮಿ.ಮೀ. ಸ್ಟೆಮ್ ತೆಗೆದು 80 ಹಾಕಿದರೂ ಸಾಲಲಿಲ್ಲ. ಅದಕ್ಕಿಂತ ಗಿಡ್ಡ ಮಾಡಿದರೆ ಹ್ಯಾಂಡಲ್ ಚಂಚಲ ಆಗುತ್ತದೆ ಅಂದರು. ಅಂಗಡಿಯವರ 'ಸ್ಟೆಮ್ ಹಾಕೋಣ' ಅನ್ನುವ ಮಾತಿನ ಬೆಲೆ ಅಲ್ಲಿ ತಿಳಿಯಿತು. ಫ್ರೇಮ್ ಮಾರಲೇಬೇಕಾಯಿತು, 50,000ಕ್ಕೆ ಹೋಯಿತು. ಕೊಂಡವರು ನನಗಿಂತ ಬಹಳ ಎತ್ತರ. ಆದರೂ ದುಡ್ಡು ತೆಗೆದುಕೊಳ್ಳುವ ಮೊದಲು ಟ್ರೇನರ್ ಮೇಲೆ ಅರ್ಧ ಗಂಟೆ ಕೂರಿಸಿ, ಕೈ ಎತ್ತಿಸಿ ನೋಡಿದೆ.

ಈಗ ಇರುವುದು 52. ಟೈರು 28 ಮಿ.ಮೀ., ನನ್ನ 66 ಕೆ.ಜಿ. ತೂಕಕ್ಕೆ 70 ಪಿಎಸ್‌ಐ. ತೆಳು ಗ್ಲೌಸ್, ಹ್ಯಾಂಡಲ್‌ಗೆ ಎರಡು ಸುತ್ತು ಟೇಪ್. ಹತ್ತು ನಿಮಿಷಕ್ಕೊಮ್ಮೆ ಕೈ ಜಾಗ ಬದಲಾಯಿಸುತ್ತೇನೆ, ಮಣಿಕಟ್ಟು ನೇರ ಇದೆಯಾ ನೋಡಿಕೊಳ್ಳುತ್ತೇನೆ. ಬೆನ್ನು ಹೊಟ್ಟೆಗೆ ವಾರಕ್ಕೆ ಮೂರು ದಿನ ವ್ಯಾಯಾಮ, ಮೊಣಕೈ ಊರಿ ಮಾಡುವ ಪ್ಲ್ಯಾಂಕ್. ಮೊನ್ನೆ ಭಾನುವಾರ ಮೇಲುಕೋಟೆಗೆ ಹೋಗಿ ಬಂದೆ, ಜೋಮು ಬರಲಿಲ್ಲ. ಕಿರುಬೆರಳ ತುದಿಯಲ್ಲಿ ಮಾತ್ರ ಬಿಸಿ ಲೋಟ ಹಿಡಿದರೆ ಇನ್ನೂ ಪೂರ್ತಿ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಮತ್ತೆ ನರದ ಪರೀಕ್ಷೆ ಇದೆ. ಅದರ ಫಲಿತಾಂಶ ನೋಡುವವರೆಗೆ 200ರ ಬ್ರೆವೆಗೂ ಹೆಸರು ಕೊಡುವುದಿಲ್ಲ.