ಘಟ್ಟದ ದಾರಿಯಲ್ಲಿ ದಮ್ಮಿನ ಲೆಕ್ಕ: ‘ಪ್ರೋ ಸೈಕ್ಲಿಂಗ್ ಮ್ಯಾನೇಜರ್’ ಆಡಿದ ಮೇಲೆ

ಫ್ರಾನ್ಸ್‌ನ ಸಯನೈಡ್ ಸ್ಟುಡಿಯೋ 2001ರಲ್ಲಿ ‘ಸೈಕ್ಲಿಂಗ್ ಮ್ಯಾನೇಜರ್’ ಎಂಬ ಹೆಸರಿನಲ್ಲಿ ಆರಂಭಿಸಿದ, ಸೈಕಲ್ ಓಟದ ತಂಡವೊಂದನ್ನು ನಾವೇ ನಡೆಸುವ ಈ ಕಂಪ್ಯೂಟರ್ ಆಟಗಳ ಸರಣಿ, ‘ಪ್ರೋ ಸೈಕ್ಲಿಂಗ್ ಮ್ಯಾನೇಜರ್’ ಎಂಬ ಹೆಸರು ಪಡೆದು ವರ್ಷಕ್ಕೊಂದು ಆವೃತ್ತಿಯಂತೆ ಬರುತ್ತಲೇ ಇದೆ. ತಂಡ ಕಟ್ಟುವುದು, ಸವಾರರ ಒಪ್ಪಂದ, ತರಬೇತಿ, ಪ್ರಾಯೋಜಕರ ನಿರೀಕ್ಷೆ, ಇವೆಲ್ಲ ಆಟದಲ್ಲಿ ಸಾಕಷ್ಟು ಅಚ್ಚುಕಟ್ಟಾಗಿಯೇ ಇವೆ. ಆದರೆ ಈ ಆಟದ ನಿಜವಾದ ಕಸುವು ತಿಳಿಯುವುದು ರಸ್ತೆ ಮೇಲೇರತೊಡಗಿದಾಗ ಎಂಬುದು ನನ್ನ ಅಭಿಪ್ರಾಯವಾದ್ದರಿಂದ, ಈ ಬರಹವನ್ನು ಏರುದಾರಿಗೇ ಮೀಸಲಿಡುತ್ತೇನೆ.

ಓಟದ ಪರದೆಯಲ್ಲಿ ಪ್ರತಿ ಸವಾರನ ಹೆಸರಿನ ಜೊತೆಗೆ ಹಳದಿ ಮತ್ತು ಕೆಂಪು ಬಣ್ಣದ ಎರಡು ಪಟ್ಟಿಗಳು ಕಾಣುತ್ತವೆ. ಕೆಂಪು ಪಟ್ಟಿ ದಾಳಿಗೆ (ಎಂದರೆ ಥಟ್ಟನೆ ವೇಗ ಹೆಚ್ಚಿಸಿ ಉಳಿದವರನ್ನು ಹಿಂದೆ ಬಿಟ್ಟು ಹೋಗುವುದಕ್ಕೆ) ಮತ್ತು ಕೊನೆಯ ಸ್ಪ್ರಿಂಟ್‌ಗೆ ಬೇಕಾದ ಕ್ಷಣಿಕ ಬಲ; ಹಳದಿ ಪಟ್ಟಿ ಬಹಳ ಹೊತ್ತು ಜೋರಾಗಿ ತುಳಿಯಲು ಇರುವ ದಾಸ್ತಾನು. ಸವಾರ ಎಷ್ಟು ಶ್ರಮ ಹಾಕಬೇಕೆಂಬುದನ್ನು ಅಂಕಿಯೊಂದರಿಂದ ನಾವೇ ನಿಗದಿಪಡಿಸಬಹುದು, ಇಲ್ಲವೇ ‘ಸ್ಥಾನ ಕಾಯ್ದುಕೋ’, ‘ಹಿಂಬಾಲಿಸು’, ‘ದಾಳಿ ಮಾಡು’ ಎಂಬಂಥ ಆಜ್ಞೆ ಕೊಟ್ಟು ಲೆಕ್ಕವನ್ನು ಆಟಕ್ಕೇ ಬಿಡಬಹುದು. ಸಮತಟ್ಟಾದ ರಸ್ತೆಯಲ್ಲಿ ಎರಡನೆಯ ದಾರಿಯಿಂದ ಹೆಚ್ಚಿನ ನಷ್ಟವೇನೂ ಆಗದು, ಏಕೆಂದರೆ ಅಲ್ಲಿ ದೊಡ್ಡ ಗುಂಪಿನ ಮರೆಯೇ ಗಾಳಿಯಿಂದ ಸವಾರನನ್ನು ಕಾಪಾಡುತ್ತದೆ. ಏರಿನಲ್ಲಿ ವೇಗ ಇಳಿದು ಗಾಳಿಯ ತಡೆ ಕಡಿಮೆಯಾಗಿ, ಪ್ರತಿಯೊಬ್ಬನೂ ತನ್ನ ಮೈಭಾರವನ್ನು ತಾನೇ ಹೊತ್ತು ಮೇಲೇರಬೇಕಾದಾಗ ಆ ಮರೆಯ ಉಪಯೋಗ ಬಹುಮಟ್ಟಿಗೆ ಕರಗಿಹೋಗುತ್ತದೆ.

ಇದನ್ನು ನಾನು ಕಲಿತದ್ದು ಫ್ರಾನ್ಸ್‌ನ ಆಲ್ಪ್ಸ್ ಪರ್ವತಗಳಲ್ಲಿರುವ ಆಲ್ಪ್ ದ್ಯುಯೆಜ್ ಏರಿನಲ್ಲಿ, ಅದೂ ಸೋತು. ಆ ಏರು 13.8 ಕಿ.ಮೀ. ಉದ್ದವಿದ್ದು, ಸರಾಸರಿ ಶೇ 8.1ರಷ್ಟು ಕಡಿದಾಗಿದೆ, ಅದರ 21 ಹೇರ್‌ಪಿನ್ ತಿರುವುಗಳಿಗೆ ಕೆಳಗಿನಿಂದ ಮೇಲಕ್ಕೆ ಇಳಿಕೆಯ ಕ್ರಮದಲ್ಲಿ ಸಂಖ್ಯೆ ಕೊಟ್ಟಿದ್ದಾರೆ. ಬುಡದ ಒಂದೆರಡು ಕಿಲೋಮೀಟರುಗಳೇ ತೀರಾ ಕಡಿದು. ಎದುರಾಳಿಯೊಬ್ಬ ಅಲ್ಲಿಯೇ ದಾಳಿಗೆ ಎದ್ದಾಗ, ಗಾಬರಿಯಿಂದ ನನ್ನ ನಾಯಕನಿಗೆ ‘ಹಿಂಬಾಲಿಸು’ ಎಂದೆ. ಮೂರು ಬಾರಿ ದಾಳಿ, ಮೂರು ಬಾರಿ ಬೆನ್ನಟ್ಟುವಿಕೆ. ಹತ್ತನೆಯ ತಿರುವು ಬರುವಷ್ಟರಲ್ಲಿ ಕೆಂಪು ಪಟ್ಟಿ ಖಾಲಿ, ಹಳದಿ ಪಟ್ಟಿಯಲ್ಲಿ ಬೆರಳಗಲದಷ್ಟು ಮಾತ್ರ ಉಳಿದಿತ್ತು. ಅನಂತರ ಆದದ್ದು ನೋಡಲು ಯಾತನೆ: ಗುಂಪು ಅವನ ಮುಂದಿನಿಂದ ಮೆಲ್ಲನೆ ಜಾರಿಹೋಯಿತು, ನಾನು ಯಾವ ಗುಂಡಿ ಒತ್ತಿದರೂ ಅವನ ವೇಗ ಹೆಚ್ಚಲಿಲ್ಲ.

ಉಳಿಸಿಟ್ಟಿದ್ದ ಹಂತವನ್ನು ಮರುದಿನ ಮತ್ತೆ ತೆರೆದೆ. ಈ ಬಾರಿ ನಾಯಕನ ಶ್ರಮವನ್ನು ಎಪ್ಪತ್ತರ ಆಸುಪಾಸಿನಲ್ಲಿ ನಿಲ್ಲಿಸಿ, ಎದುರಾಳಿ ಹೋಗುವುದಾದರೆ ಹೋಗಲಿ ಎಂದು ಕೈಕಟ್ಟಿ ಕುಳಿತೆ. ಅಂತರ ಇಪ್ಪತ್ತು ಸೆಕೆಂಡು, ಮೂವತ್ತು, ನಲವತ್ತು ಎಂದು ಬೆಳೆಯುವುದನ್ನು ನೋಡುತ್ತ ಸುಮ್ಮನಿರುವುದು ಆಜ್ಞೆ ಕೊಡುವುದಕ್ಕಿಂತ ಕಷ್ಟದ ಕೆಲಸ. ಏಳನೆಯ ತಿರುವಿನ ಬಳಿ ಅಂತರ ಬೆಳೆಯುವುದು ನಿಂತಿತು, ಮೂರನೆಯದರಲ್ಲಿ ಅವನ ಬೆನ್ನು ಕಾಣಿಸಿತು. ಮುಟ್ಟದೆ ಇಟ್ಟುಕೊಂಡಿದ್ದ ಕೆಂಪು ಪಟ್ಟಿಯನ್ನು ಕೊನೆಯ ಕಿಲೋಮೀಟರಿನಲ್ಲಿ ಖರ್ಚು ಮಾಡಿದೆ. ಗೆದ್ದದ್ದು ಆರು ಸೆಕೆಂಡುಗಳಿಂದ. ಕುರ್ಚಿಯಿಂದ ಎದ್ದು ನಿಂತಿದ್ದೆ ಎಂಬುದು ಗೊತ್ತಾದದ್ದು ಆಮೇಲೆ.

ಎಪ್ಪತ್ತು ಎಂಬ ಅಂಕಿಯನ್ನು ಯಾರೂ ಮಂತ್ರದಂತೆ ಹಿಡಿದುಕೊಳ್ಳಬಾರದು. ಪರ್ವತದ ಸಾಮರ್ಥ್ಯದಲ್ಲಿ ಮುಂದಿರುವವನಿಗೆ ಸಲೀಸಾದ ಶ್ರಮವೇ ಇನ್ನೊಬ್ಬನನ್ನು ಅರ್ಧ ದಾರಿಯಲ್ಲಿ ಕೆಡವುತ್ತದೆ. ಅದೇ ಸವಾರನಿಗೂ ಆ ದಿನದ ಫಾರ್ಮ್ ಕೆಟ್ಟಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಹಾಗಾಗಿ ನಾನು ಈಗ ಅಂಕಿಯನ್ನು ಬಿಟ್ಟು ಹಳದಿ ಪಟ್ಟಿ ಕರಗುವ ವೇಗವನ್ನು ಗಮನಿಸುತ್ತೇನೆ: ಅರ್ಧ ಏರು ಮುಗಿದಾಗ ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು. ಆಟ ಈ ಸಂಬಂಧವನ್ನು ಇನ್ನಷ್ಟು ಬಿಡಿಸಿ ಹೇಳಬಹುದಿತ್ತು ಎಂದು ಹೊಸಬರ ಪರವಾಗಿ ಅನ್ನಿಸುತ್ತದೆ.

ಸಹಾಯಕ ಸವಾರರ ಬಳಕೆಯಲ್ಲೂ ಇದೇ ಜಿಪುಣತನ ಬೇಕು. ಟೂರ್ ದ ಫ್ರಾನ್ಸ್‌ನಲ್ಲಿ ತಂಡಕ್ಕೆ ಎಂಟೇ ಜನ. ಏರಿನ ಬುಡಕ್ಕೆ ಮುನ್ನವೇ ಒಬ್ಬನನ್ನು ಹಿಂದಕ್ಕೆ ಕಳುಹಿಸಿ ನೀರಿನ ಬಾಟಲಿಗಳನ್ನು ತರಿಸಿಕೊಳ್ಳಬೇಕು, ಆಮೇಲೆ ಅದಕ್ಕೆ ಬಿಡುವು ಸಿಗುವುದಿಲ್ಲ. ಪರ್ವತ ಬಲ್ಲ ಇಬ್ಬರನ್ನು ಒಬ್ಬರಾದ ಮೇಲೊಬ್ಬರಂತೆ ಮುಂದೆ ನಿಲ್ಲಿಸಿ ಒಂದೇ ಗತಿಯಲ್ಲಿ ಎಳೆಸಿದರೆ, ಎದುರಾಳಿಗಳಿಗೆ ದಾಳಿ ಮಾಡುವ ಹುಮ್ಮಸ್ಸೇ ಕುಗ್ಗುತ್ತದೆ. ಇಬ್ಬರನ್ನೂ ಒಟ್ಟಿಗೆ ಖರ್ಚು ಮಾಡುವುದು ನಾನು ಈಗಲೂ ಆಗಾಗ ಮಾಡುವ ತಪ್ಪು.

ಕಾಲವನ್ನು ಎಂಟು ಪಟ್ಟು ವೇಗವಾಗಿ ಓಡಿಸುವ ಸೌಲಭ್ಯ ಸಮತಟ್ಟು ರಸ್ತೆಗೆ ವರದಾನ, ಏರಿನಲ್ಲಿ ಅದೇ ಶತ್ರು: ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಬರಿದಾಗಿರುತ್ತದೆ. ಫ್ರಾನ್ಸ್‌ನ ಮಾಂ ವಾಂತೂ ಬೆಟ್ಟದಂಥ ಏರಿನಲ್ಲಂತೂ, ಬುಡದ ಬೆದ್ವಾಂ ಊರಿನ ಕಡೆಯಿಂದ ಹತ್ತಿದರೆ ಸುಮಾರು 21 ಕಿ.ಮೀ. ಇರುವುದರಿಂದ, ನಿಜವಾದ ಗತಿಯಲ್ಲೇ ಆಡಲು ಒಂದು ತಾಸು ಬಿಡುವು ಮಾಡಿಕೊಂಡೇ ಕೂರಬೇಕು. ಒಬ್ಬರೇ ಆಡುವಾಗ ಓಟವನ್ನು ನಿಲ್ಲಿಸಿ ಪ್ರತಿಯೊಬ್ಬನ ಪಟ್ಟಿಯನ್ನೂ ನೋಡಿ ಆಜ್ಞೆ ಬದಲಿಸಬಹುದು. ನಾನು ಆ ಬೆಟ್ಟದ ಕಾಡಿನ ಕಡಿದು ದಾರಿ ಮುಗಿದು ‘ಶಾಲೇ ರೆನಾರ್’ (Chalet Reynard) ಎಂಬ ತಾಣ ಬಂದೊಡನೆ ಒಮ್ಮೆ ನಿಲ್ಲಿಸುತ್ತೇನೆ, ಏಕೆಂದರೆ ಅಲ್ಲಿಂದ ಶಿಖರಕ್ಕೆ ಇನ್ನೂ ಆರು ಕಿ.ಮೀ. ಬೋಳು ಬೆಟ್ಟ ಬಾಕಿ ಇರುತ್ತದೆ.